ಚಿಲಕದ ಅನುದಾನ

ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ ನಮ್ಮಕ್ಕ ಆಣಿ ಮಾಡಿಸ್ಯಾಳ. ಆದ್ರ ಹೊಟ್ಟ್ಯಾಗ ನಿಲ್ಲವಲ್ದು.

ಅಕ್ಕ ಓದೂ ಸರ್ಕಾರಿ ಕಾಲೇಜಿನ್ಯಾಗ ಎಲ್ಲಾರಿಗೂ ಇದ್ದದ್ದು ಒಂದ ಪಾಯಖಾನಿ. ಅದರ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಿಲ ಹಿಡೀಬೇಕು. ಜೋಡಿ ಸಿಗದ ಹುಡುಗ್ಯಾರು ಮಧ್ಯಾಹ್ನದ ಕ್ಲಾಸ್ ಬಿಟ್ಟು ಮನೀಗೆ ಹೋಗ್ತಿದ್ರು.

ತಪಾಸಣಿಗೆ ಬಂದ ಜಂಟಿ ನಿರ್ದೇಶಕರಿಗೆ ಪ್ರಿನ್ಸಿಪಾಲ್ರು ಕೈ ಮುಗಿದು, ಚಿಲಕ ಹಾಕಿಸ್ರಿ, ಹುಡುಗ್ಯಾರಿಗೆ ಬ್ಯಾರೆ ಪಾಯಖಾನಿ ಕೊಡಸ್ರಿ ಅಂತ ಕೇಳಿದ್ರು. ಸಾಹೇಬ್ರು ಬಾಗಿಲ ತಟ್ಟಿ ನೋಡಿ, "ಗಟ್ಟಿ ಐತಲ್ರಿ! ಸರ್ಕಾರದ ರೊಕ್ಕ ಅಂದ್ರ ಮಾವನ ಮನಿ ರೊಕ್ಕ ಏನು? ಅನುದಾನ ಇಲ್ಲ" ಅಂದ್ರು.

ಕಾಲೇಜಿನ ಗಂಟಿ ಹೊಡಿಯೂ ಸಿಪಾಯಿ ಚಂಪವ್ವ ಸಾಹೇಬ್ರ ಮುಂದ ಬಂದ್ಲು. "ಬಿಸಿಲಾಗ ದಣದೀರಿ" ಅಂತ ತಂಬಿಗಿಗಟ್ಟಲೆ ಮಜ್ಜಿಗಿ ಕುಡಿಸಿದ್ಲು. ತುಸು ಹೊತ್ತಿಗೆ ಸಾಹೇಬ್ರು ಕುಂತಲ್ಲೇ ಚಡಪಡಿಸಾಕತ್ತಿದ್ರು.

"ಹೋಗಿ ಬರ್ರಿ ಸಾಹೇಬ್ರ, ನಾ ಬಾಗಿಲ ಹಿಡೀತೀನಿ."

ಒಳಗ ಹೋದ್ರು. ಚಂಪವ್ವ ಹೊರಗಿಂದ ಕೂಗಿದ್ಲು, "ಗಂಟಿ ಹೊಡಿಯೂ ಹೊತ್ತಾತ್ರಿ. ಬಾಗಿಲ ಗಟ್ಟಿ ಐತಲ್ರಿ, ನಾ ಹೋಗ್ಲಿ?"

"ಅಯ್ಯ, ಬ್ಯಾಡವಾ! ಹುಡುಗ್ಯಾರು ಬಂದ್ರ?"

"ಬರಾಕತ್ತಾರ್ರಿ."

"ಚಿಲಕ ಮಂಜೂರು! ಹುಡುಗ್ಯಾರಿಗೆ ಬ್ಯಾರೆ ಪಾಯಖಾನಿನೂ ಮಂಜೂರು!"

ಚಂಪವ್ವ ಆ ಸುದ್ದಿ ಹೇಳಾಕ ಪ್ರಿನ್ಸಿಪಾಲ್ರ ಕಡೆ ಓಡಿದ್ಲು.

"ಚಂಪವ್ವಾ, ಹಿಡದೀಯಿಲ್ಲವಾ? ಚಂಪವ್ವಾ?"

ಬಾಗಿಲ ಮುಚ್ಚಿತ್ತು. ಹೊರಗ ಹಿಡಿಯೂ ಕೈ ಇರಲಿಲ್ಲ.