ಓಗೊಡೇಶ್ವರನ ತಡಿಯ ಮೂರು ಕೂಗು

ಶ್ರೀ ಓಗೊಡೇಶ್ವರನಿಗೆ ಮೂರೇ ಬೊಗಸೆ ನೀರೆರೆದು, ನಾಲ್ಕನೆಯದಕ್ಕೆ ಕೈ ಚಾಚದೆ, ಈ ಕ್ಷೇತ್ರದ ಮಹಿಮೆಯನ್ನು ಹೇಳುತ್ತೇವೆ. ಭಕ್ತಾದಿಗಳು ಮನಸ್ಸಿಟ್ಟು ಕೇಳಬೇಕು. ನಡುವೆ ಯಾರಾದರೂ ಕರೆದರೆ ಎದ್ದು ಹೋಗಬೇಕು. ಹಾಗೆ ಎದ್ದು ಹೋದವರಿಗೂ ಈ ಕಥೆಯ ಫಲ ಪೂರ್ತಿಯಾಗಿಯೇ ಸಲ್ಲುತ್ತದೆ.

ಪೂರ್ವಕಾಲದಲ್ಲಿ, ಸೇತುವೆಯೆಂಬ ಮಾತೇ ಜನರ ಬಾಯಿಗೆ ಬಾರದಿದ್ದ ಯುಗದಲ್ಲಿ, ತುಂಗಭದ್ರಾ ಮಹಾನದಿಯು ಕರಿಬಂಡೆಗಳ ನಡುವೆ ಮೈ ಕಿರಿದು ಮಾಡಿಕೊಂಡು ನುಗ್ಗುವ ಈ ಠಾವಿನಲ್ಲಿ, ಅಂಬಿಗರ ಕೇತಣ್ಣನೆಂಬವನು ತೊಗಲು ಹೊದಿಸಿದ ಹರಿಗೋಲಿನಲ್ಲಿ ಜನರನ್ನು ದಡದಿಂದ ದಡಕ್ಕೆ ದಾಟಿಸುತ್ತ, ಪತ್ನಿ ಗಂಗವ್ವ ಮತ್ತು ಒಬ್ಬಳೇ ಮಗಳು ಹೊನ್ನಿಯೊಡನೆ ಬಡಗಣ ದಡದಲ್ಲಿ ವಾಸಿಸುತ್ತಿದ್ದನು. ಅವನ ಕುಲಕ್ಕೆ ಹಿರಿಯರು ವಿಧಿಸಿದ್ದ ನೇಮಗಳು ಎರಡೇ. ಹರಿಗೋಲನ್ನು ನೀರಿಗೆ ನೂಕುವ ಮುನ್ನ ದಡದ ಕರಿಶಿಲಾರೂಪಿಯಾದ ಶಿವನಿಗೆ ಮೂರು ಬೊಗಸೆ ನೀರೆರೆದು "ದಾಟಿಸು ತಂದೆ" ಎನ್ನಬೇಕು. ಆಚೆ ದಡದಿಂದ ಯಾರೇ ಕೂಗಲಿ, ಮೂರನೆಯ ಕೂಗಿನೊಳಗೆ "ಓ, ಬಂದೆ" ಎಂದು ಓಗೊಡಬೇಕು. ಇಷ್ಟಕ್ಕೇ ತೃಪ್ತನಾದ ಶಿವನು ತಲೆತಲಾಂತರದಿಂದ ಒಂದು ಹರಿಗೋಲನ್ನೂ ಮುಳುಗಗೊಟ್ಟಿರಲಿಲ್ಲ.

ಹೀಗಿರಲು ಒಂದು ಮಳೆಗಾಲದಲ್ಲಿ ಹೊನ್ನಿಗೆ ವಿಷಮಜ್ವರ ಬಂದಿತು. ಅದೇ ದಡದ ಕಾಳಪಂಡಿತನು ಏಳು ದಿನ ಕಷಾಯ ಕುಡಿಸಿದನು. ಕೇತಣ್ಣನು ಏಳು ದಿನವೂ ಶಿಲೆಯ ಮುಂದೆ ಕುಳಿತು ಕೈ ಸೋಲುವವರೆಗೆ ನೀರೆರೆದನು. ಎಂಟನೆಯ ದಿನ ಮಗು ಕಣ್ಣು ತೆರೆದು ಗಂಜಿ ಬೇಡಿತು. ಕೇತಣ್ಣನು ಪಂಡಿತನಿಗೆ ಒಂದು ಕುಂಬಳಕಾಯಿ ಕೊಟ್ಟು ಕೈತೊಳೆದುಕೊಂಡನು. ಮಗಳನ್ನು ಉಳಿಸಿದ್ದು ತಾನೆರೆದ ನೀರೇ ಎಂಬುದು ಅವನ ಮನಸ್ಸಿನಲ್ಲಿ ಕಲ್ಲಿನಂತೆ ಕೂತುಬಿಟ್ಟಿತು.

ಭಕ್ತಿಯೆಂದು ಅವನು ತಿಳಿದದ್ದು ಭಯ. ಪಾಪ, ಹೆತ್ತ ಕರುಳು. ಅವನನ್ನು ಹಳಿಯಲು ನಮಗೂ ಬಾಯಿ ಬಾರದು. ಮೂರು ಬೊಗಸೆ ನೂರಾಯಿತು, ನೂರು ಸಾವಿರವಾಯಿತು. ದಿನವೂ ಸಾವಿರ ಬೊಗಸೆ ಎರೆಯದಿದ್ದರೆ, ಎರೆಯುವಾಗ ನಡುವೆ ಎದ್ದರೆ, ಜ್ವರವು ಮರಳಿ ಮಗಳನ್ನು ಹುಡುಕಿಕೊಂಡು ಬರುವುದೆಂದು ಅವನು ತನಗೆ ತಾನೇ ಒಂದು ಶಾಸ್ತ್ರ ಬರೆದುಕೊಂಡನು. ಶಿವನು ಕೇಳದಿದ್ದ ಕಟ್ಟಳೆಗೆ ಶಿವನ ಹೆಸರಿಟ್ಟನು. ಆಚೆ ದಡದವರು ಕಾದು ಕಾದು ಬೇಸತ್ತರೂ, ದೈವಭಕ್ತನಿಗೆ ಅಡ್ಡಿ ಮಾಡಬಾರದೆಂದು ಸುಮ್ಮನಿದ್ದರು.

ತೆಂಕಣ ದಡದಲ್ಲಿ ತೊಗಲು ಹದಮಾಡುವ ಬಾಚವ್ವನೆಂಬವಳಿದ್ದಳು. ವರ್ಷಕ್ಕೊಮ್ಮೆ ಕೇತಣ್ಣನ ಹರಿಗೋಲಿಗೆ ಹೊಸ ತೊಗಲು ಹೊಲಿದುಕೊಡುವವಳು ಅವಳೇ. ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು. ಮರುವರ್ಷದ ಶ್ರಾವಣದಲ್ಲಿ ಹೊಳೆ ಎರಡೂ ದಡ ತುಂಬಿ ಹರಿಯುತ್ತಿದ್ದಾಗ, ಅವಳ ಮೂರು ವರ್ಷದ ಗಂಡುಕೂಸಿಗೆ ಅದೇ ಜ್ವರ ತಾಗಿತು. ಔಷಧ ಬಲ್ಲ ಪಂಡಿತನಿದ್ದದ್ದು ಬಡಗಣ ದಡದಲ್ಲಿ. ಆ ಪ್ರವಾಹದಲ್ಲಿ ಹುಟ್ಟು ಹಾಕಬಲ್ಲವನು ಕೇತಣ್ಣನೊಬ್ಬನೇ. ಮಧ್ಯಾಹ್ನದ ಹೊತ್ತಿಗೆ ಬಾಚವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂಡೆಯ ಮೇಲೆ ನಿಂತು ಕೂಗಿದಳು.

ಕೇತಣ್ಣನಿಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಕೆಲವು ಕಡೆ ಹೇಳುವುದುಂಟು, ಅದು ಸುಳ್ಳು. ಅವನು ಇನ್ನೂರು ಬೊಗಸೆ ಎರೆದಿದ್ದನು, ಎಂಟುನೂರು ಉಳಿದಿದ್ದವು. ಮೊದಲ ಕೂಗಿಗೆ ಅವನ ಕೈ ತಡೆಯಿತು. ಎರಡನೆಯ ಕೂಗಿಗೆ ಅವನು ಇನ್ನೂ ಗಟ್ಟಿಯಾಗಿ ಶಿವನಾಮ ಹೇಳಿದನು. ಮೂರನೆಯ ಕೂಗಿಗೆ ಗಂಗವ್ವನೇ ಓಡಿಬಂದಳು.

"ಬಾಚವ್ವ ಕೂಗಾಕತ್ಯಾಳ, ಕೈಯಾಗ ಕೂಸೈತಿ," ಎಂದಳು. "ಏಳು. ದೇವರು ತಡೀತಾನ, ಕೂಸು ತಡಿಯಂಗಿಲ್ಲ."

ಅವನು ತಲೆಯೆತ್ತದೆ, ಮಾತಾಡಬೇಡವೆಂದು ಎಡಗೈ ಬೀಸಿದನು. ಅವನ ಕಣ್ಣ ಮುಂದೆ ಇದ್ದದ್ದು ಹೊನ್ನಿಯ ಮುಖವೊಂದೇ. ಆಚೆ ದಡದ ಕೂಗು ಮೂರಕ್ಕೆ ನಿಲ್ಲದೆ ಬಹಳ ಹೊತ್ತು ಕೇಳಿಬಂದು, ಆಮೇಲೆ ನಿಂತಿತು. ಗಂಗವ್ವ ದಡದಲ್ಲಿ ಕುಸಿದು ಕುಳಿತು ಅತ್ತಳು.

ಸಾವಿರನೆಯ ಬೊಗಸೆ ಎರೆದವನೇ ಕೇತಣ್ಣ ಹುಟ್ಟು ಹಿಡಿದು ನುಗ್ಗಿದನು. ಅಷ್ಟು ಬಿರುಸಾಗಿ ಅವನು ಎಂದೂ ಹೊಳೆ ದಾಟಿರಲಿಲ್ಲವಂತೆ. ಬಾಚವ್ವ ಬಂಡೆಯ ಮೇಲೆ ಕುಳಿತಿದ್ದಳು, ಕೂಸು ತೊಡೆಯ ಮೇಲಿತ್ತು. ಅದರ ಮುಖದ ಮೇಲೆ ಸೆರಗು ಎಳೆದಾಗಿತ್ತು. ಅವಳು ಬೈಯಲಿಲ್ಲ, ಶಪಿಸಲಿಲ್ಲ.

"ಮುಗೀತೇನಣ್ಣಾ ನಿನ್ನ ಪೂಜಿ?" ಎಂದು ಕೇಳಿದಳು, ಅಷ್ಟೇ.

ಕೇತಣ್ಣನು ಹಿಂದಿರುಗಿ ಬಂದು ಶಿಲೆಯ ಮುಂದೆ ಬಿದ್ದನು. ಮೂರು ದಿನ ಅನ್ನನೀರು ಮುಟ್ಟದೆ, ಒಂದು ಬೊಗಸೆಯನ್ನೂ ಎರೆಯದೆ, ತನಗೆ ಶಿಕ್ಷೆಯಾಗಲೆಂದು, ಇಲ್ಲವೇ ಆ ಕೂಸು ಮರಳಲೆಂದು ಮೊರೆಯಿಟ್ಟನು. ನಾಲ್ಕನೆಯ ದಿನದ ಪ್ರಾತಃಕಾಲದಲ್ಲಿ, ಜಲಘೋಷವೆಲ್ಲ ಕ್ಷಣಕಾಲ ಸ್ತಬ್ಧವಾಗಿ, ಆ ಕೃಷ್ಣಶಿಲೆಯೊಳಗಿಂದ ಕರುಣಾರ್ದ್ರವಾದ ವಾಣಿಯೊಂದು ಹೊರಟಿತು.

"ಕೇತಾ, ನಿನ್ನ ಮೊದಲ ಬೊಗಸೆಯೇ ನನ್ನನ್ನು ಮುಟ್ಟಿತ್ತು. ಆ ತಾಯಿ ನಿನ್ನನ್ನು ಕೂಗುವ ಮೊದಲು ನನ್ನನ್ನು ಕೂಗಿದ್ದಳು. ಅವಳಿಗೆ ಓಗೊಡಲು ಈ ತಡಿಯಲ್ಲಿ ನನಗಿದ್ದ ಬಾಯಿ ನಿನ್ನದೊಂದೇ. ಅದು ನನ್ನನ್ನೇ ಕರೆಯುವುದರಲ್ಲಿ ತೊಡಗಿತ್ತು. ಹೋದ ಕೂಸನ್ನು ತರಲಾರೆ. ನಿನಗೆ ಶಿಕ್ಷೆಯನ್ನೂ ಕೊಡಲಾರೆ, ಅದನ್ನು ನೀನೇ ತಂದುಕೊಂಡಿದ್ದೀಯೆ. ಇನ್ನು ನಾನು ಆ ದಡದ ಕಡೆಗೆ ಕಿವಿಯಿಟ್ಟು ಕೂರುತ್ತೇನೆ."

ಇಷ್ಟು ನುಡಿದು, ನೆಟ್ಟಗೆ ನಿಂತಿದ್ದ ಶಿಲೆಯು ತೆಂಕಣಕ್ಕೆ ವಾಲಿತು. ದೂರದ ಮಾತಿಗೆ ಕಿವಿಗೊಡುವ ಮುದುಕನಂತೆ ಅದು ಇಂದಿಗೂ ವಾಲಿಕೊಂಡೇ ಇದೆ. ಗರ್ಭಗುಡಿಯ ಬಾಗಿಲನ್ನು ಹೊಳೆಯ ಕಡೆಗೇ ಇಟ್ಟಿರುವುದೂ ಅದಕ್ಕಾಗಿಯೇ.

ಕೇತಣ್ಣನು ಅನಂತರ ಬಹುಕಾಲ ಬದುಕಿದನು. ಮೂರಕ್ಕಿಂತ ಹೆಚ್ಚು ಬೊಗಸೆ ಎರೆಯಲಿಲ್ಲ, ಎರಡನೆಯ ಕೂಗಿನವರೆಗೆ ಯಾರನ್ನೂ ಕಾಯಿಸಲಿಲ್ಲ. ಹೊನ್ನಿಗೆ ಜ್ವರ ಮರಳಿ ಬರಲೇ ಇಲ್ಲ. ಅವಳು ಮೊಮ್ಮಕ್ಕಳನ್ನು ಕಂಡಳು. ಸಾವಿರ ಬೊಗಸೆಯ ಹಂಗಿಲ್ಲದೆಯೂ ಮಗಳು ನಗುನಗುತ್ತ ಬಾಳುವುದನ್ನು ನೋಡುವುದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಸಂಕಟವಾಯಿತು.

ಈ ಕ್ಷೇತ್ರದಲ್ಲಿ ಇಂದಿಗೂ ಸಹಸ್ರನಾಮವಿಲ್ಲ, ಅಖಂಡ ಭಜನೆಯಿಲ್ಲ. ಅರ್ಚಕರು ಕೇತಣ್ಣನ ವಂಶದವರು. ಮೂರು ಬೊಗಸೆ ನೀರೆರೆದು ತೀರ್ಥ ಕೊಡುತ್ತಾರೆ. ಪ್ರತಿ ಶ್ರಾವಣದಲ್ಲಿ ಒಂದು ದಿನ ಮಧ್ಯಾಹ್ನದ ಮಂಗಳಾರತಿಯ ವೇಳೆಗೆ ಬಾಚವ್ವನ ವಂಶದ ಹೆಣ್ಣುಮಗಳೊಬ್ಬಳು ಆಚೆ ಬಂಡೆಯ ಮೇಲೆ ನಿಂತು "ಅಣ್ಣಾ" ಎಂದು ಕೂಗುತ್ತಾಳೆ. ಆಗ ಅರ್ಚಕರು ಆರತಿಯನ್ನು ಅರ್ಧಕ್ಕೇ ಇಳಿಸುತ್ತಾರೆ, ನೆರೆದವರೆಲ್ಲ ಒಕ್ಕೊರಲಿನಿಂದ "ಓ, ಬಂದೆ" ಎನ್ನುತ್ತಾರೆ. ಹರಿಗೋಲು ಆಚೆ ದಡ ಮುಟ್ಟುತ್ತದೆ. ಅವಳು ಬರಿಗೈಯಲ್ಲಿ ಹತ್ತಿ, ಮಗ್ಗುಲಲ್ಲಿ ಒಂದು ಕೂಸಿಗಾಗುವಷ್ಟು ಜಾಗ ಬಿಟ್ಟು ಕೂರುತ್ತಾಳೆ.