ತಂಗಿಯ ಮೇಜಿನ ಗೂಡು

“ನಾನೇ ಬೇಡವೆಂದು ಬಿಟ್ಟದ್ದು ಇನ್ನೊಬ್ಬನ ಕೈಯಲ್ಲಿ ಚೆನ್ನಾಗಿ ಕಂಡರೆ ಹೊಟ್ಟೆ ಏಕೆ ಉರಿಯುತ್ತದೆ, ಗುರುಗಳೇ?” ಎಂದು ಹಿರಿಯ ಶಿಷ್ಯ ಕೇಳಿದ.

ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳುವ ಕೆಲಸ ಮೊದಲು ಅವನದಾಗಿತ್ತು. ಗಲಾಟೆಯಲ್ಲಿ ತನ್ನ ಓದು ಸಾಗುವುದಿಲ್ಲವೆಂದು ಅವನೇ ಅದನ್ನು ಬಿಟ್ಟಿದ್ದ. ಈಗ ಹೊಸಬನೊಬ್ಬ ನಡೆಸುತ್ತಿದ್ದ. ಮಕ್ಕಳು ಹೆಚ್ಚಾಗಿದ್ದರು. ಗುರುಗಳೂ ದಿನವೂ ಅಲ್ಲಿಗೆ ಹೋಗಿ ಕೂರುತ್ತಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದರ್ಜಿಗೆ ಇಬ್ಬರು ಹೆಣ್ಣುಮಕ್ಕಳು. ಆ ಮನೆಯಲ್ಲಿ ಹೊಸದೆಲ್ಲ ದೊಡ್ಡವಳಿಗೆ, ಅವಳಿಗೆ ಸಾಲದಾದದ್ದು ಚಿಕ್ಕವಳಿಗೆ. ಲಂಗ, ಚಪ್ಪಲಿ, ಶಾಲೆಯ ಚೀಲ ಎಲ್ಲವೂ ಹಾಗೆಯೇ ಇಳಿದು ಬರುತ್ತಿದ್ದವು. ಚಿಕ್ಕವಳು ಅದಕ್ಕೆ ಒಗ್ಗಿದ್ದಳು. ದೊಡ್ಡವಳು ಅದೇ ನ್ಯಾಯವೆಂದು ತಿಳಿದಿದ್ದಳು.

ಒಂದು ವರ್ಷ ದೊಡ್ಡವಳಿಗೆ ಡ್ರಾಯರುಗಳಿದ್ದ ಹೊಸ ಮೇಜು ಬಂತು. ಹಳೆಯದು ಚಿಕ್ಕವಳಿಗೆ ಹೋಯಿತು. ಅದರ ಒಂದು ಕಾಲು ಗಿಡ್ಡ. ಪೆನ್ಸಿಲು ಇಟ್ಟರೆ ಉರುಳಿ ಬೀಳುತ್ತಿತ್ತು, ಮೊನೆ ಮುರಿಯುತ್ತಿತ್ತು. ಅವಳು ಅಪ್ಪನಿಗೆ ಹೇಳಿದಳು.

ಪೆನ್ಸಿಲು, ರಬ್ಬರು ಇಡಲು ಮೇಜಿನ ಮೇಲೊಂದು ಗೂಡು ಮಾಡೋಣವೆಂದು ದರ್ಜಿ ರಜೆಯ ದಿನ ಅಟ್ಟ ಹತ್ತಿ, ದೊಡ್ಡವಳು ಬಿಸಾಡಿದ ಸಾಮಾನುಗಳನ್ನು ಇಳಿಸಿದ. ಬೂಟಿನ ರಟ್ಟಿನ ಪೆಟ್ಟಿಗೆ, ತುಕ್ಕು ಹಿಡಿದ ಕಂಪಾಸು ಡಬ್ಬ, ಖಾಲಿ ಪೌಡರ್ ಡಬ್ಬ, ಬಳೆ ಪೋಣಿಸಿ ಬಂದಿದ್ದ ರಟ್ಟಿನ ಕೊಳವೆಗಳು. ಚಿಕ್ಕವಳು ಮೈದಾ ಅಂಟು ಮಾಡಿ ತಂದಳು. ಅಪ್ಪ ಕತ್ತರಿಸಿದ, ಅವಳು ಅಂಟಿಸಿದಳು. ರಬ್ಬರು ಎಲ್ಲಿರಬೇಕು, ಸ್ಕೇಲು ಎಲ್ಲಿರಬೇಕು ಎಂದು ಅವಳನ್ನೇ ಕೇಳಿದ. ಪೆನ್ಸಿಲುಗಳಿಗೆ ಅಳತೆಯ ಟೇಪು ಹಿಡಿದು, ಇವಕ್ಕೆ ಬೆಳೆಯುವ ವಯಸ್ಸು, ಸ್ವಲ್ಪ ಸಡಿಲ ಇಡಬೇಕು ಎಂದ. ಪೆನ್ಸಿಲು ಬೆಳೆಯುವುದಿಲ್ಲ, ಸವೆಯುತ್ತದೆ ಎಂದು ಅವಳು ಬಿದ್ದು ಬಿದ್ದು ನಕ್ಕಳು. ಕೊನೆಗೆ ಹೊರಗೆಲ್ಲ ಬಣ್ಣದ ಬಟ್ಟೆಚೂರು ಹಚ್ಚಿದರು. ಸಂಜೆಗೆ ಗೂಡು ಸಿದ್ಧವಾಯಿತು.

ಒಳಕೋಣೆಯಲ್ಲಿ ದೊಡ್ಡವಳು ಪುಸ್ತಕ ಹಿಡಿದು ಕೂತಿದ್ದಳು. ನಗು ಕೇಳಿಸಿದಾಗಲೆಲ್ಲ ಓದಿದ ಸಾಲನ್ನೇ ಮತ್ತೆ ಓದಿದಳು. ತನ್ನ ಮೇಜಿನ ಡ್ರಾಯರುಗಳನ್ನು ಎಳೆದು ನೋಡಿದಳು. ಅವು ಚೆನ್ನಾಗಿಯೇ ಇದ್ದವು. ಸಮಾಧಾನವಾಗಲಿಲ್ಲ.

ಮರುದಿನ ಲಂಗ ಹೊಲಿಸಲು ಬಂದ ನೆರೆಯಾಕೆ ಗೂಡನ್ನು ನೋಡಿ, ಯಾವ ಅಂಗಡಿಯಲ್ಲಿ ಕೊಂಡಿರಿ ಎಂದು ಕೇಳಿದಳು. ಅವಳು ಹೋದ ಮೇಲೆ ದೊಡ್ಡವಳು ತಂಗಿಯ ಮುಂದೆ ಬಂದು ನಿಂತಳು.

“ಆ ಬೂಟಿನ ಪೆಟ್ಟಿಗೆ ನನ್ನದು. ಕಂಪಾಸು ಡಬ್ಬವೂ ನನ್ನದು.”

“ನೀನೇ ಬಿಸಾಕಿದ್ದೆಯಲ್ಲ, ಅಕ್ಕಾ.”

“ಬಿಸಾಕಿದ್ದೆ. ನಿನಗೆ ಕೊಟ್ಟಿರಲಿಲ್ಲ.”

ಮಾತು ಅಪ್ಪನವರೆಗೆ ಹೋಯಿತು. ದರ್ಜಿ ಯಂತ್ರ ನಿಲ್ಲಿಸಿ ಇಬ್ಬರ ಮಾತನ್ನೂ ಕೇಳಿದ. ಅವು ದೊಡ್ಡವಳದೆಂಬುದು ನಿಜ, ಅವಳದ್ದಷ್ಟನ್ನು ಅವಳು ತೆಗೆದುಕೊಳ್ಳಲಿ ಎಂದ. ಚಿಕ್ಕವಳು ಪೆನ್ಸಿಲುಗಳನ್ನು ತೆಗೆದು ಮಡಿಲಲ್ಲಿ ಹಾಕಿಕೊಂಡಳು.

ದೊಡ್ಡವಳು ಒಂದೊಂದನ್ನೇ ಕಿತ್ತಳು. ಅಂಟು ಗಟ್ಟಿಯಾಗಿತ್ತು. ಬಟ್ಟೆ ಹರಿಯಿತು, ರಟ್ಟು ಸೀಳಿತು. ಎಲ್ಲವನ್ನೂ ಒಯ್ದು ತನ್ನ ಹೊಸ ಮೇಜಿನ ಮೇಲೆ ಸುರಿದಳು. ಬಿಸಾಡಿದ ದಿನ ಹೇಗಿದ್ದವೋ ಅದಕ್ಕಿಂತ ಕೆಟ್ಟದಾಗಿ ಕಂಡವು.

ಹೊರಗೆ ಚಿಕ್ಕವಳು ಇನ್ನೊಂದು ಮಾಡೋಣವೇ ಎಂದು ಅಪ್ಪನನ್ನು ಕೇಳಿದಳು. ಅವನು ದಾರ ಮುಗಿದ ಉರುಳೆಗಳನ್ನು ಹುಡುಕಿ ತಂದ. ಮತ್ತೆ ಕತ್ತರಿಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ನಗುವೂ ಬಂತು. ತನ್ನದೆಲ್ಲ ತನ್ನ ಮುಂದೆ ಇದ್ದರೂ ದೊಡ್ಡವಳ ಹೊಟ್ಟೆಯುರಿ ಇಳಿಯಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ. ತಪ್ಪು ದೊಡ್ಡವಳದೇ ಇರಬಹುದು, ಆದರೂ ಅವಳೂ ಮಗಳಲ್ಲವೆ ಎಂದ.

“ಬಂದು ಕೂತುಕೋ ಎಂದು ಅಪ್ಪ ಅವಳನ್ನೂ ಒಂದು ಸಲ ಕರೆಯಬಹುದಿತ್ತು, ಗುರುಗಳೇ.”

“ಕರೆದ,” ಎಂದರು ಗುರುಗಳು. “ತನ್ನದೆಲ್ಲ ಬಂತೇ ಎಂದು ಅವಳು ಎಣಿಸಿಕೊಳ್ಳುತ್ತಿದ್ದಳು, ಕೇಳಿಸಲಿಲ್ಲ.”