ಗೋಡೆಯ ಮೇಲಿನ ಎಮ್ಮೆ

ಗೌಳಿ ಧಾಕು ತನ್ನ ಎಮ್ಮೆಯನ್ನು ಗೊಡ್ಡು ಎಂದು ತಿಳಿದು, ಅದನ್ನು ಮಾರಿಬಿಡಲು ನಿಶ್ಚಯಿಸಿದ್ದ. ಕೊಟ್ಟಿಗೆಯ ಗೋಡೆಯ ಮೇಲೆ ಅವನ ಆರು ವರ್ಷದ ಮಗಳು ಜಾನು ಇದ್ದಿಲಿನಿಂದ ಅದೇ ಎಮ್ಮೆಯ ಚಿತ್ರ ಬರೆದಿದ್ದಳು. ಚಿತ್ರದ ಎಮ್ಮೆಯ ಹೊಟ್ಟೆಯೊಳಗೆ ಒಂದು ಕರು ಕಾಣುತ್ತಿತ್ತು.

ಪೇಟೆಯ ಶಾಲೆಯ ಕಿಟಕಿಯಲ್ಲಿ ಕೂತು ಕೂತು ಎಲ್ಲವನ್ನೂ ಬಲ್ಲೆನೆಂದುಕೊಂಡಿದ್ದ ಗೊರವಂಕ ಹಕ್ಕಿಯೊಂದು ಅದನ್ನು ನೋಡಿ ನಕ್ಕಿತು. "ಹೊಟ್ಟೆಯೇನು ಗಾಜಿನದೇ? ಪೇಟೆಯ ಮಕ್ಕಳ ಬಳಿ ಹನ್ನೆರಡು ಬಣ್ಣಗಳಿವೆ. ಅವರು ಬರೆಯುವ ಎಮ್ಮೆಗೆ ಇಂಥ ಅವಾಂತರವಿಲ್ಲ."

"ಆ ಮಕ್ಕಳು ದಿನವೂ ಮುಟ್ಟುವುದು ಏನನ್ನು?" ಎಂದು ಎಮ್ಮೆ ಕೇಳಿತು.

ಗೊರವಂಕ ಯೋಚಿಸಿತು. "ಒಬ್ಬ ಹುಡುಗ ಅಮ್ಮನ ಸ್ಕೂಟರಿನಲ್ಲಿ ಬರುತ್ತಾನೆ. ಅವನು ಸ್ಕೂಟರ್ ಬರೆದಾಗ ಟ್ಯಾಂಕಿನೊಳಗಿನ ಪೆಟ್ರೋಲನ್ನೂ ಬರೆದಿದ್ದ."

"ಹಾಗಾದರೆ ಅವನೂ ನಮ್ಮ ಜಾನುವಿನಂಥವನೇ. ಒಳಗೇನಿದೆ ಎಂದು ಅವನಿಗೆ ಗೊತ್ತು. ಇವಳು ದಿನವೂ ನನ್ನ ಹೊಟ್ಟೆಗೆ ಕಿವಿಯಿಟ್ಟು ಕೂರುತ್ತಾಳೆ. ನನ್ನ ಮಾತು ಮನುಷ್ಯರಿಗೆ ತಿಳಿಯದು. ನಾನು ಹೇಳಲಾರದ್ದನ್ನು ಈ ಮಗು ಬರೆದಿದೆ."

ಅಷ್ಟರಲ್ಲಿ ಧಾಕು ಹಗ್ಗ ಹಿಡಿದು ಮಗಳೊಂದಿಗೆ ಬಂದ. ಚಿತ್ರ ಕಂಡು ನಿಂತ.

"ಹೊಟ್ಟೆಯೊಳಗೆ ಇದೇನವ್ವಾ?"

"ಕರು, ಅಪ್ಪಾ. ಒದೀತದೆ. ಮುಟ್ಟಿ ನೋಡು."

ಅವನು ಎಮ್ಮೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಒಳಗಿನಿಂದ ಒಂದು ಒದೆ ಬಿತ್ತು. ಅವನು ಹಗ್ಗವನ್ನು ಕೆಳಗೆ ಹಾಕಿ ಮಗಳನ್ನು ಎತ್ತಿಕೊಂಡ.

ಎಮ್ಮೆ ಕತ್ತು ಚಾಚಿ ಜಾನುವಿನ ಮಸಿ ಹತ್ತಿದ ಬೆರಳುಗಳನ್ನು ನೆಕ್ಕಿತು. ಅಂದಿನಿಂದ ಎಷ್ಟೇ ತುರಿಸಿದರೂ ಅದು ಚಿತ್ರವಿದ್ದ ಆ ಗೋಡೆಗೆ ಮೈ ಉಜ್ಜಲಿಲ್ಲ.